ಮುಖಪುಟಕ್ಕೆ ಬಂದ ಮುಖಗಳು

1967ರ ಮಾರ್ಚ್ 7ರಂದು ಅಮೆರಿಕೆಯ ಸಿ.ಬಿ.ಎಸ್. ದೂರದರ್ಶನ ಸಂಸ್ಥೆಯು ಸಲಿಂಗಪ್ರೇಮಿಗಳನ್ನು ಕುರಿತ ಕಾರ್ಯಕ್ರಮವೊಂದನ್ನು ಬಿತ್ತರಿಸಿದಾಗ, ಅದನ್ನು ನೋಡಿದ ಕೋಟ್ಯಂತರ ಜನರ ಚಿತ್ತದಲ್ಲಿ ಅಚ್ಚೊತ್ತಿ ನಿಂತದ್ದು, ಕುಂಡದ ಗಿಡವೊಂದರ ಎಲೆಗಳ ಮರೆಯಲ್ಲಿ ಮುಖವನ್ನಡಗಿಸಿ ತನ್ನ ವ್ಯಥೆಯನ್ನು ಹೇಳಿಕೊಳ್ಳುತ್ತಿದ್ದ ಮನುಷ್ಯನ ಚಿತ್ರ. ಇಂಥವರಿಗೆ ಶಾಶ್ವತವಾದ ದಾಂಪತ್ಯಸದೃಶ ಬಾಂಧವ್ಯದಲ್ಲಿ ಆಸಕ್ತಿಯೂ ಇಲ್ಲ, ಸಾಮರ್ಥ್ಯವೂ ಇಲ್ಲವೆಂದು ನಿರೂಪಕ ಮೈಕ್ ವ್ಯಾಲೇಸ್ ಸಾರಿದರು; ಮನೋವೈದ್ಯರು ಇದನ್ನು ವ್ಯಾಧಿಯೆಂದರು. ಚಿಕಿತ್ಸೆಗೆಂದು ಬಂದವರನ್ನಷ್ಟೇ ಕಂಡ ವೈದ್ಯರಿಗೆ ಹಾಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿಕಿತ್ಸೆಯನ್ನು ಬಯಸದ ಮೂವತ್ತು ಮಂದಿ ಸಲಿಂಗಪ್ರೇಮಿಗಳನ್ನೂ ಅಷ್ಟೇ ಮಂದಿ ಇತರ ಪುರುಷರನ್ನೂ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಪರೀಕ್ಷಿಸಿ, ಉತ್ತರಗಳಿಂದ ಇವರನ್ನು ಅವರಿಂದ ಬೇರ್ಪಡಿಸಿ ಗುರುತಿಸಲು ತಜ್ಞರಿಗೂ ಸಾಧ್ಯವಾಗಲಿಲ್ಲವೆಂಬುದನ್ನು 1957ರಲ್ಲಿಯೇ ಪ್ರಕಟಿಸಿದ್ದರು.

ಮರೆಯನ್ನು ಕಟ್ಟಿದ್ದು ಆ ಮನುಷ್ಯನ ಸ್ವಭಾವವಲ್ಲ, ದೇಶದ ಕಾನೂನು. ಇಲಿನಾಯ್ ಒಂದನ್ನುಳಿದು ಎಲ್ಲ ರಾಜ್ಯಗಳಲ್ಲಿಯೂ ಈ ಸಂಬಂಧ ಅಪರಾಧವಾಗಿದ್ದಿತು. 1953ರ ಅಧ್ಯಕ್ಷೀಯ ಆಜ್ಞೆಯಂತೆ ಕೇಂದ್ರ ಸರ್ಕಾರದ ನೌಕರಿಯೂ ಹೋಗುತ್ತಿದ್ದಿತು. ಅದೇ ಕಾರ್ಯಕ್ರಮದಲ್ಲಿ ಹೆಸರನ್ನು ಮಾತ್ರ ಬದಲಿಸಿ ಮುಖ ತೋರಿಸಿ ಮಾತನಾಡಿದ ಜ್ಯಾಕ್ ನಿಕೋಲ್ಸ್ ಮರುದಿನವೇ ಕೆಲಸ ಕಳೆದುಕೊಂಡರು. ಈ ಕಾರಣವನ್ನು ವಿಚಾರಿಸದೆ ಕಾರ್ಯವನ್ನಷ್ಟೇ ಚಿತ್ರಿಸಿದ್ದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬೇರೆ ಚಿತ್ರ ದುರ್ಲಭವಾಗಿದ್ದಿತೆನ್ನುವಂತೆಯೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1955ರಲ್ಲಿ ಹುಟ್ಟಿದ 'ಡಾಟರ್ಸ್ ಆಫ್ ಬಿಲಿಟಿಸ್' ಎಂಬ ಸ್ತ್ರೀಯರ ಸಂಘವು 'ದಿ ಲ್ಯಾಡರ್' ಪತ್ರಿಕೆಯನ್ನು ಹೊರಡಿಸುತ್ತಿದ್ದಿತು. ಬಾರ್ಬರಾ ಗಿಟಿಂಗ್ಸ್ 1963ರಲ್ಲಿ ಅದರ ಸಂಪಾದಕಿಯಾದ ಮೇಲೆ, ಅವರ ಜೀವನಸಂಗಾತಿ ಕೇ ಲಹ್ಯೂಸೆನ್, ಮುಖಪುಟದ ರೇಖಾಚಿತ್ರಗಳ ಸ್ಥಾನದಲ್ಲಿ ನಿಜವಾದ ಸ್ತ್ರೀಯರ ಛಾಯಾಚಿತ್ರಗಳೇ ಬರಬೇಕೆಂದು ಸಂಕಲ್ಪಿಸಿ, ಸ್ವತಃ ಕ್ಯಾಮೆರಾ ಹಿಡಿದರು. (1961ರಲ್ಲಿ ಸಂಧಿಸಿದ ಈ ಇಬ್ಬರು, 2007ರಲ್ಲಿ ಗಿಟಿಂಗ್ಸ್ ತೀರಿಕೊಳ್ಳುವವರೆಗೂ ಜೊತೆಯಾಗಿಯೇ ಬಾಳಿದರು, ವ್ಯಾಲೇಸರ ನಿರ್ಣಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.) ಮೊದಮೊದಲು ಒಪ್ಪಿದವರು ಕಪ್ಪು ಕನ್ನಡಕ ಧರಿಸಿಯೋ ಮುಖವನ್ನು ಪಕ್ಕಕ್ಕೆ ತಿರುಗಿಸಿಯೋ ನಿಂತರು. ಕೊನೆಗೆ 1966ರ ಜನವರಿಯ ಸಂಚಿಕೆಯಲ್ಲಿ, ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಸೇನೆಯಿಂದ ಹೊರದೂಡಲ್ಪಟ್ಟಿದ್ದ ಲಿಲ್ಲಿ ವಿನ್ಸೆನ್ಜ್ ನೇರವಾಗಿ ಓದುಗರನ್ನು ನೋಡುತ್ತ ನಕ್ಕರು. ಗಿಟಿಂಗ್ಸರ ಸಂಪಾದಕತ್ವವು ಅದೇ ವರ್ಷ ಮುಗಿಯುವ ವೇಳೆಗೆ, ಹಾಗೆ ಮುಖ ತೋರಿಸಿ ಮುಖಪುಟದಲ್ಲಿ ನಿಲ್ಲಲು ಬಯಸಿ ತಮ್ಮ ಸರದಿಗಾಗಿ ಕಾಯುತ್ತಿದ್ದ ಸ್ತ್ರೀಯರ ಪಟ್ಟಿಯೇ ಇದ್ದಿತೆಂದು ಲಹ್ಯೂಸೆನ್ ಮುಂದೆ ಸ್ಮರಿಸಿದ್ದಾರೆ.