ಕೇಳಿಸಿಕೊಳ್ಳುವ ಕಸುಬಿನ ಚರಿತ್ರೆ: ಧಾರವಾಡದ ಹುಚ್ಚಾಸ್ಪತ್ರೆಯಿಂದ ಟೆಲಿ ಮಾನಸ್‌ವರೆಗೆ

ಎದುರಿಗೆ ಕೂತವರ ಭಾವವನ್ನು ಆಪ್ತಸಮಾಲೋಚಕರು ಹೇಗೆ ಹಿಡಿಯುತ್ತಾರೆ? ಇದನ್ನು ಅವರವರ ಸ್ವಭಾವದ ಮಾತೆಂದು, ಹುಟ್ಟಿನಿಂದ ಬಂದ ಮೃದುತನವೆಂದು ತಿಳಿಯುವ ರೂಢಿಯಿದೆ. ಕರ್ನಾಟಕದ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಕೇಳುವವರು ಎಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ, ಕೇಳಿದ್ದನ್ನು ಯಾವ ನಮೂನೆಯಲ್ಲಿ ಬರೆಯಬೇಕಿದೆ ಎಂಬುದಕ್ಕೆ ತಕ್ಕಂತೆ ಈ ಕೌಶಲವೂ ಬದಲಾಗುತ್ತ ಬಂದಿದೆ. ಈ ಬದಲಾವಣೆಯ ಹಂತಗಳನ್ನು ಗದಗ ಸೀಮೆಯ ದಿಕ್ಕಿನಿಂದ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೋಡುವ ಕಾಲ

ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ಸೀಮೆಯ ಅಂತೂರ ಬೆಂತೂರಿನಂಥ ಹಳ್ಳಿಯವರಿಗೆ ಜಿಲ್ಲಾಸ್ಥಳವೆಂದರೆ ಧಾರವಾಡ. ಮನೋರೋಗದ ಆಸ್ಪತ್ರೆಯೂ ಅಲ್ಲಿಯೇ. ಇಂದು ಡಿಮ್ಹಾನ್ಸ್ ಎಂದು ಹೆಸರಾದ ಆ ಸಂಸ್ಥೆ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಯಿತು. 1912ರ ಭಾರತೀಯ ಲ್ಯೂನಸಿ ಕಾಯ್ದೆಯ ಪ್ರಕಾರ ಒಬ್ಬರನ್ನು ಇಂಥ ಕಡೆ ಸೇರಿಸಲು ವೈದ್ಯರ ಪ್ರಮಾಣಪತ್ರ ಬೇಕಿತ್ತು. ಅದರಲ್ಲಿ ಮುಖ್ಯವಾಗಿ ಎರಡು ಭಾಗ: ವೈದ್ಯರು ಸ್ವತಃ ಕಂಡ ಹುಚ್ಚಿನ ಲಕ್ಷಣಗಳು ಒಂದು, ಬೇರೆಯವರು ತಿಳಿಸಿದ ಸಂಗತಿಗಳು ಇನ್ನೊಂದು. ರೋಗಿ ತನಗೆ ಏನನ್ನಿಸುತ್ತದೆ ಎಂದು ಹೇಳಿಕೊಂಡರೂ ಅದು ಲಕ್ಷಣವಾಗಿಯೇ ದಾಖಲಾಗಬೇಕಿತ್ತು. ವೈದ್ಯರಿಗೆ ಕರುಣೆ ಇರಲಿಲ್ಲವೆಂದು ಇದರಿಂದ ಹೇಳಲಾಗದು. ಇದ್ದ ಕರುಣೆಗೆ ಆ ಕಾಗದದಲ್ಲಿ ಜಾಗವಿರಲಿಲ್ಲ, ಅಷ್ಟೆ.

ಇಬ್ಬರ ಕೋಣೆ

1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿಗಳೂ ಅಲ್ಲಿ ತರಬೇತಿ ಪಡೆಯತೊಡಗಿದರು. ಮುಂದೆ 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು.

ಬೆಂಗಳೂರಿನ ಸಂಸ್ಥೆ ಶುರುವಾದ ಕಾಲದಲ್ಲೇ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಆಪ್ತಸಮಾಲೋಚನೆಗೆ ಹೊಸ ತಳಹದಿ ಹಾಕಿದ್ದರು. ಎದುರಿನವರ ಒಳಲೋಕವನ್ನು ತನ್ನದೆಂಬಂತೆ ಅರಿಯಬೇಕು, ಆದರೆ ಅದು ತನ್ನದಲ್ಲ ಎಂಬ ಎಚ್ಚರ ತಪ್ಪಬಾರದು ಎಂಬುದು 1957ರ ಅವರ ಪ್ರಸಿದ್ಧ ಲೇಖನದ ಮುಖ್ಯ ಷರತ್ತುಗಳಲ್ಲಿ ಒಂದು. 1985ರಲ್ಲಿ ಮನೋವೈದ್ಯ ಡೇನಿಯಲ್ ಸ್ಟರ್ನ್ ತಾಯಿ–ಕೂಸಿನ ಒಡನಾಟವನ್ನು ಗಮನಿಸಿ ಇನ್ನೊಂದು ಎಳೆ ಸೇರಿಸಿದರು: ಕೂಸು ಕೈ ಬಡಿದರೆ ತಾಯಿಯೂ ಕೈ ಬಡಿಯಬೇಕೆಂದಿಲ್ಲ, ಅದೇ ಲಯ, ಅದೇ ಉತ್ಕಟತೆ ಅವಳ ದನಿಯಲ್ಲಿ ಬಂದರೆ ಸಾಕು, ಭಾವಕ್ಕೆ ಭಾವ ಕೂಡಿಕೊಳ್ಳುತ್ತದೆ. ಇಬ್ಬರ ವಿವರಣೆಯಲ್ಲೂ ಇರುವುದು ಇಬ್ಬರೇ.

ಮೂರನೆಯವರು ಬಂದಾಗ

ನಮ್ಮಲ್ಲಿ ರೋಗಿ ಒಬ್ಬರೇ ಬರುವುದು ಅಪರೂಪ. ಗಂಡ, ಅತ್ತೆ, ಅಣ್ಣ, ಊರ ಹಿರಿಯರು ಜೊತೆಗಿರುತ್ತಾರೆ. ಬೆಂಗಳೂರು ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಸಿ. ಸೂರ್ಯ, ಜಯರಾಮ್ ಅವರೊಂದಿಗೆ 1964ರಲ್ಲಿ ಬರೆದ ಪ್ರಬಂಧದಲ್ಲಿ, ಪಶ್ಚಿಮದ ಮನೋಚಿಕಿತ್ಸೆಯ ಪದ್ಧತಿ ಭಾರತದ ಸಂದರ್ಭಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ಪ್ರಶ್ನೆ ಎತ್ತಿದರು. ಇಲ್ಲಿನವರು ಚಿಕಿತ್ಸಕರಲ್ಲಿ ಹಿರಿಯರೊಬ್ಬರ ಆಸರೆಯನ್ನು ನಿರೀಕ್ಷಿಸುತ್ತಾರೆ. ಮಾತಾಡದೆ ದೂರ ಕೂತ ಚಿಕಿತ್ಸಕರು ಅವರಿಗೆ ಕೈಬಿಟ್ಟವರಂತೆ ಕಾಣಬಹುದು. 1970ರ ದಶಕದ ಕೊನೆಯ ಹೊತ್ತಿಗೆ ನಿಮ್ಹಾನ್ಸ್‌ನಲ್ಲಿ ಮನೆಯವರೂ ರೋಗಿಯ ಜೊತೆ ಇದ್ದು ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಕುಟುಂಬ ವಾರ್ಡಿನ ಪದ್ಧತಿ ನೆಲೆಯೂರಿತು. ಅಲ್ಲಿನ ಆರ್.ಎಸ್. ಭಟ್ಟಿ, ಎಸ್.ಎಂ. ಚನ್ನಬಸವಣ್ಣ ಮೊದಲಾದವರು ಅದರ ಬಗ್ಗೆ ಬರೆದರು. ಅಲ್ಲಿ ಚಿಕಿತ್ಸಕರು ಏಕಕಾಲಕ್ಕೆ ಹಲವರ ಭಾವಕ್ಕೆ ಕಿವಿಗೊಡಬೇಕು: ಸೊಸೆಯ ಅಳು, ಅತ್ತೆಯ ಸಿಡುಕು, ಇಬ್ಬರ ನಡುವೆ ನೆಲ ನೋಡುತ್ತ ಕೂತ ಮಗನ ಮೌನ.

ಮೈಯ ಭಾಷೆ

ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿನ ಜನ ಡಾಕ್ಟರ ಹತ್ತಿರ ಹೋದಂತೆಯೇ ನಾಟಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳ ಹತ್ತಿರವೂ ಹೋಗುತ್ತಿದ್ದರು. ಸಂಕಟ ಕೇಳುವ ಕಸುಬು ಹಳ್ಳಿಗೆ ಹೊಸದಾಗಿರಲಿಲ್ಲ. ಕಪೂರ್ ಮುಂದೆ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ಕೆಲಸಕ್ಕೆ ಬುನಾದಿ ಹಾಕಿದರು. ಸಕಲವಾರದ ಗ್ರಾಮೀಣ ಕೇಂದ್ರದ ಅನುಭವದ ಮೇಲೆ 1985ರಲ್ಲಿ ಬಳ್ಳಾರಿ ಜಿಲ್ಲೆಯ ಕಾರ್ಯಕ್ರಮ ಆರಂಭವಾಯಿತು. 1996ರಲ್ಲಿ ಅದೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕೆಲಸ ಗದಗ ಸೀಮೆಯ ಮಗ್ಗುಲಿಗೇ ಬಂದಿತ್ತು: ಇಲ್ಲಿನ ಮುಂಡರಗಿ ಕಡೆಯಿಂದ ತುಂಗಭದ್ರೆ ದಾಟಿದರೆ ಸಿಗುವ ಹೂವಿನಹಡಗಲಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಹೀಗೆ ಕೇಳುವ ಜಾಗ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವಾಯಿತು. ಅಲ್ಲಿಗೆ ಬಂದವರು ದುಃಖವೆನ್ನುವುದು ಕಡಿಮೆ, ನೋವೆನ್ನುವುದೇ ಹೆಚ್ಚು. ಉದಾಹರಣೆಗೆ ಈ ಸೀಮೆಯ ಹೆಣ್ಣುಮಗಳೊಬ್ಬಳು, “ಎದಿ ಮ್ಯಾಲ ಕಲ್ಲ ಹೇರಿದಂಗ ಆಗೇತ್ರಿ” ಅಂದಳೆಂದುಕೊಳ್ಳೋಣ. ಇ.ಸಿ.ಜಿ. ಸರಿಯಿದೆ. “ನಿಮಗ ಏನೂ ಆಗಿಲ್ಲ” ಅಂದರೆ ಮಾತು ಅಲ್ಲಿಗೇ ಮುಗಿಯಿತು. “ಮನಸ್ಸಿಗೆ ಬ್ಯಾಸರ ಐತೇನ್ರಿ?” ಎಂದು ನೇರ ಕೇಳಿದರೆ, ಹುಚ್ಚಿ ಅಂದರೇನೋ ಎಂದು ಅಂಜುತ್ತಾಳೆ. ನುರಿತವರು ಅವಳ ಮಾತನ್ನೇ ಹಿಡಿಯುತ್ತಾರೆ: “ಆ ಕಲ್ಲು ಯಾವಾಗ ಭಾಳ ಭಾರ ಅನಸ್ತೈತ್ರಿ ಅಕ್ಕಾರ?” “ಸಂಜಿ ಆತಂದ್ರ, ಅವರು ಕುಡದು ಮನಿಗೆ ಬರೂ ಹೊತ್ತಿಗೆ.” ಕಲ್ಲನ್ನು ಪಕ್ಕಕ್ಕಿಟ್ಟು ‘ಖಿನ್ನತೆ’ ಎಂಬ ಹೆಸರು ಕೊಡುವ ಅವಸರ ಅವರಿಗಿಲ್ಲ. ದನಿಯ ಏರಿಳಿತವೂ ಅವಳದಕ್ಕೆ ಹೊಂದಿರುತ್ತದೆ. ಸ್ಟರ್ನ್ ಹೇಳಿದ ಲಯದ ಹೊಂದಾಣಿಕೆ ಇಲ್ಲಿ ಗದಗಿನ ಕನ್ನಡದಲ್ಲಿ ನಡೆಯುತ್ತದೆ. ವೈದ್ಯರಲ್ಲದವರಿಗೂ ಈ ಕೌಶಲವನ್ನು ಕನ್ನಡದಲ್ಲೇ ತಲುಪಿಸಿದವರಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಪ್ರಮುಖರು.

ದನಿ ಮಾತ್ರ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಸಾರಿತು. ಮನೆಯವರನ್ನು ಸೇರಿಸಿಕೊಂಡೇ ಬೆಳೆದ ನಮ್ಮ ಪದ್ಧತಿಗೆ ಇದು ಹೊಸ ಸವಾಲು: ಗಂಡನೆದುರು ಹೇಳಲಾಗದ್ದನ್ನು ಕೇಳಲು ಗಂಡನನ್ನು ಹೊರಗೆ ಕಳಿಸುವ ಜಾಣ್ಮೆಯೂ ಬೇಕಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಈ ಗಂಟನ್ನು ಭಾಗಶಃ ಬಿಡಿಸಿದೆ. ಹೊಲದ ಬದುವಿನಲ್ಲಿ ನಿಂತೂ ಕರೆ ಮಾಡಬಹುದು. ಆದರೆ ದನಿಯ ಕರೆಯಲ್ಲಿ ಮುಖ, ಕೈ, ಕೂತ ಭಂಗಿ ಯಾವುದೂ ಕಾಣದು. ಉಸಿರು, ತಡವರಿಕೆ, ಮಾತಿನ ನಡುವಿನ ಬಿಡುವು ಇಷ್ಟರಿಂದಲೇ ಭಾವ ಹಿಡಿಯಬೇಕು.

ಉಪಸಂಹಾರ

ಪ್ರಮಾಣಪತ್ರದ ಕಾಲದಲ್ಲಿ ವರ್ತನೆ, ಇಬ್ಬರ ಕೋಣೆಯಲ್ಲಿ ಮಾತು, ಕುಟುಂಬ ವಾರ್ಡಿನಲ್ಲಿ ಸಂಬಂಧ, ಹಳ್ಳಿಯ ಆಸ್ಪತ್ರೆಯಲ್ಲಿ ಮೈ, ಫೋನಿನಲ್ಲಿ ದನಿ: ಕೇಳುವವರ ಗಮನ ಹೀಗೆ ಜಾಗ ಬದಲಿಸಿದೆ. ಹಿಂದಿನ ಹಂತಗಳು ಅಳಿದುಹೋಗಿಲ್ಲ. ಇಂದಿನ ಆಪ್ತಸಮಾಲೋಚಕರಿಗೆ ಅವೆಲ್ಲವೂ ಬೇಕು. ಆದ್ದರಿಂದ ತರಬೇತಿ ಪಠ್ಯಗಳಲ್ಲಿ ರೋಜರ್ಸ್ ಜೊತೆಗೆ ಆಯಾ ಸೀಮೆಯ ಆಡುಮಾತಿನ ಸಂಭಾಷಣೆಗಳೂ ಅಭ್ಯಾಸವಾಗಿ ಸೇರಬೇಕು. ಬೆಂಗಳೂರಿನ ಗ್ರಾಂಥಿಕ ಕನ್ನಡದಲ್ಲಿ ಕಲಿತ ಪ್ರಶ್ನೆ ಬೆಂತೂರಿನಲ್ಲಿ ಅರ್ಥವಾಗಬಹುದು, ಉತ್ತರ ಮಾತ್ರ ಬರಲಿಕ್ಕಿಲ್ಲ.