ಕಗ್ಗ ಯಾಕೆ ಎತ್ತರ, ಜಯಾ ಯಾಕೆ ಗಿಡ್ಡ?

ಮಂಜಗುಣಿಯಲ್ಲಿ ಗಂಗಾವಳಿ ಹೊಳೆ ಸಮುದ್ರ ಸೇರುತ್ತದೆ. ಭರತದ ಹೊತ್ತಿಗೆ ಉಪ್ಪುನೀರು ಹೊಳೆಗುಂಟ ಮೇಲೆ ಹತ್ತುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ಇಂಥ ಅಳಿವೆಗಳ ಅಂಚಿನ ತಗ್ಗು ಗದ್ದೆಗಳನ್ನು ನಮ್ಮ ಜಿಲ್ಲೆಯಲ್ಲಿ ಗಜನಿ ಅನ್ನುತ್ತಾರೆ. ಗಜನಿ ಅಂದರೆ ಹಿರಿಯರಿಗೆ ಮೊದಲು ನೆನಪಾಗುವ ಭತ್ತ ಕಗ್ಗ.

ಕಗ್ಗ ಆಳೆತ್ತರಕ್ಕೆ ಹತ್ತಿರ ಬೆಳೆಯುತ್ತದೆ. ಸ್ವಲ್ಪ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನಿಂತ ನೀರನ್ನೂ ತಡೆಯುತ್ತದೆ. ಆದರೆ ಇಳುವರಿ ಕಡಿಮೆ. 1968ರಲ್ಲಿ ಬಿಡುಗಡೆಯಾದ ಜಯಾ ಇದಕ್ಕೆ ಉಲ್ಟಾ: ಗಿಡ್ಡ ಪೈರು, ಗೊಬ್ಬರ ಹಾಕಿದಷ್ಟೂ ತೆನೆ. ಆಗಿನಿಂದ ಎತ್ತರದ ಭತ್ತ ಅಂದರೆ ಹಳೆಯದು, ಉಪಯೋಗಕ್ಕೆ ಬಾರದ್ದು ಎಂಬ ಮಾತು ಬೆಳೆಯಿತು. ಆ ಮಾತು ಎಷ್ಟು ಸರಿ? ಉತ್ತರ ಹುಡುಕಲು ಜಪಾನಿನ ಗದ್ದೆಗಳಿಗೆ ಹೋಗಬೇಕು.

ಅಲ್ಲಿನ ರೈತರನ್ನು ಒಂದು ರೋಗ ಕಾಡುತ್ತಿತ್ತು. ಸಸಿಮಡಿಯಲ್ಲಿ ಕೆಲವು ಸಸಿಗಳು ಉಳಿದವನ್ನು ಮೀರಿ ಸರಸರ ಎದ್ದು ನಿಲ್ಲುತ್ತಿದ್ದವು. ನೋಡಲು ತೆಳ್ಳಗೆ, ಬಣ್ಣ ಮಾಸಲು. ಹೆಚ್ಚಿನವು ತೆನೆ ಬಿಡುವ ಮೊದಲೇ ಸಾಯುತ್ತಿದ್ದವು. ಅದಕ್ಕೆ ರೈತರು ಇಟ್ಟ ಹೆಸರು ‘ಬಕಾನೆ’, ಅಂದರೆ ಪೆದ್ದು ಸಸಿ. ಇದಕ್ಕೆ ಕಾರಣ ಒಂದು ಶಿಲೀಂಧ್ರ ಎಂದು 1898ರಲ್ಲಿ ಶೋತಾರೊ ಹೋರಿ ತೋರಿಸಿದರು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಐಚಿ ಕುರೊಸಾವಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವನ್ನೇ ತೆಗೆದು, ಬರೀ ದ್ರವವನ್ನು ಆರೋಗ್ಯವಂತ ಸಸಿಗೆ ಕೊಟ್ಟರು. ಆ ಸಸಿಯೂ ಹಾಗೇ ಎದ್ದು ನಿಂತಿತು! ಎತ್ತರ ಮಾಡುವುದು ಶಿಲೀಂಧ್ರ ಹೊರಬಿಡುವ ಒಂದು ವಸ್ತು ಎಂದು ಗೊತ್ತಾಯಿತು. 1935ರಲ್ಲಿ ತೇಯಿಜಿರೊ ಯಾಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

ದೊಡ್ಡ ಅಚ್ಚರಿ ಮುಂದೆ ಕಾದಿತ್ತು. ರೋಗವಿಲ್ಲದ ಗಿಡಗಳೂ ಇದೇ ವಸ್ತುವನ್ನು ತಯಾರಿಸುತ್ತವೆ ಎಂದು 1950ರ ದಶಕದಲ್ಲಿ ಖಚಿತವಾಯಿತು. ಅಂದರೆ ಅದು ಬರೀ ರೋಗದ ವಿಷವಲ್ಲ, ಗಿಡದ ಸ್ವಂತ ಹಾರ್ಮೋನು. ಶಿಲೀಂಧ್ರ ಅದನ್ನು ಅತಿಯಾಗಿ ಸುರಿಯುತ್ತದೆ, ಅಷ್ಟೇ.

ಗಿಡದೊಳಗೆ ಬೆಳವಣಿಗೆಯನ್ನು ಹಿಡಿದಿಡುವ ಒಂದು ಬ್ರೇಕ್ ಇದೆ. ಜಿಬ್ಬರೆಲಿನ್ ಆ ಬ್ರೇಕ್ ಸಡಿಲಿಸುತ್ತದೆ, ಕಾಂಡದ ಜೀವಕೋಶಗಳು ಉದ್ದವಾಗುತ್ತವೆ. ನೆನೆಸಿದ ಭತ್ತ ಮೊಳಕೆ ಒಡೆಯುವಾಗಲೂ ಇದರದೇ ಕೆಲಸ. ಕಾಳಿನೊಳಗಿನ ಹಿಟ್ಟನ್ನು ಸಕ್ಕರೆ ಮಾಡಿ ಎಳೆ ಮೊಳಕೆಗೆ ಉಣಿಸುವ ಆಜ್ಞೆ ಅದರಿಂದಲೇ ಹೋಗುತ್ತದೆ.

ಈಗ ಜಯಾ ಕಡೆ ಬರೋಣ. ಎತ್ತರದ ಭತ್ತಕ್ಕೆ ಯೂರಿಯಾ ಹೆಚ್ಚು ಕೊಟ್ಟರೆ ಇನ್ನೂ ಉದ್ದವಾಗಿ, ತೆನೆಯ ಭಾರಕ್ಕೆ ಮಲಗಿಬಿಡುತ್ತಿತ್ತು. ತೈವಾನಿನ ಒಂದು ಗಿಡ್ಡ ತಳಿಯ ಗುಣವನ್ನು ಬೆರೆಸಿ 1966ರಲ್ಲಿ ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್8 ತಂದಿತು. ನಮ್ಮ ಜಯಾದಲ್ಲಿರುವುದೂ ಅದೇ ಗಿಡ್ಡತನ. ಅದರ ಗುಟ್ಟು ಬಯಲಾದದ್ದು ಮಾತ್ರ 2002ರಲ್ಲಿ: ಈ ತಳಿಗಳಲ್ಲಿ ಜಿಬ್ಬರೆಲಿನ್ ತಯಾರಿಸುವ ಒಂದು ವಂಶವಾಹಿ ಕೆಟ್ಟಿದೆ. ಹಾರ್ಮೋನು ಕಡಿಮೆ, ಹಾಗಾಗಿ ಕಾಂಡ ಗಿಡ್ಡ. ಹಸಿರು ಕ್ರಾಂತಿಯ ಅನ್ನ ನಿಂತದ್ದು ಈ ಕೊರತೆಯ ಮೇಲೆ.

ಮಕ್ಕಿ ಗದ್ದೆಗೆ ವರವಾದ ಈ ಗುಣ ಗಜನಿಯಲ್ಲಿ ಶಾಪ. ನೆರೆ ಬಂದಾಗ ಗಿಡ್ಡ ಪೈರು ಪೂರ್ತಿ ಮುಳುಗಿ ಉಸಿರುಗಟ್ಟುತ್ತದೆ. ಎತ್ತರದ ಪೈರಿನ ತಲೆ ನೀರಿನ ಮೇಲೆ ಉಳಿಯುತ್ತದೆ. ಬಾಂಗ್ಲಾದೇಶದಂಥ ಕಡೆಯ ಆಳನೀರಿನ ಭತ್ತ ಇನ್ನೂ ಜಾಣ. ಗಿಡ ಮುಳುಗಿದಾಗ ಅದರ ಎಥಿಲೀನ್ ಅನಿಲ ಹೊರಗೆ ಹೋಗಲಾರದೆ ಒಳಗೇ ತುಂಬುತ್ತದೆ. ಆ ಸುಳಿವು ಸಿಕ್ಕ ಕೂಡಲೇ ಜಿಬ್ಬರೆಲಿನ್ ಏರಿ, ಕಾಂಡ ದಿನಕ್ಕೆ 20 ಸೆಂಟಿಮೀಟರಿನಷ್ಟೂ ಉದ್ದವಾಗಬಲ್ಲದು. ಒಡಿಶಾದ ಎಫ್ಆರ್13ಎ ತಳಿಯದು ಬೇರೆ ದಾರಿ. ಅದು ಬೆಳೆಯುವುದನ್ನೇ ನಿಲ್ಲಿಸಿ, ಶಕ್ತಿ ಉಳಿಸಿ, ನೀರು ಇಳಿಯಲೆಂದು ಕಾಯುತ್ತದೆ. ಅದರ ಗುಣವನ್ನು ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಂತು. ವಿಜ್ಞಾನಿಗಳಿಗೆ ಈ ಗುಣ ಸಿಕ್ಕಿದ್ದು ಹಳ್ಳಿಯ ಹಳೆ ಬೀಜದಲ್ಲಿ ಎಂಬುದನ್ನು ಗಮನಿಸಿ.

ಇಂದು ಜಿಬ್ಬರೆಲಿಕ್ ಆಸಿಡ್ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಕಾಯಿ ದಪ್ಪವಾಗಲು ಇದನ್ನು ಲೆಕ್ಕಹಾಕಿ ಬಳಸುತ್ತಾರೆ. ಆದರೆ ಅದು ಗೊಬ್ಬರವಲ್ಲ, ಬರೀ ಆಜ್ಞೆ. ನಾಲ್ಕು ದಿನದಲ್ಲಿ ಪೈರು ಎದ್ದು ನಿಂತಿತೆಂದು ಹಿಗ್ಗುವ ಮೊದಲು ಪೆದ್ದು ಸಸಿಯನ್ನು ನೆನಪಿಸಿಕೊಳ್ಳಿ. ನಿಮ್ಮ ಸಸಿಮಡಿಯಲ್ಲಿ ಹಾಗೆ ತೆಳ್ಳಗೆ, ಮಾಸಲಾಗಿ ಎದ್ದ ಸಸಿ ಕಂಡರೆ ಕಿತ್ತು ಹಾಕಿ. ಆ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ.

ಗಜನಿಗಳ ಕಟ್ಟು ಒಡೆದು, ಸಿಗಡಿ ಸಾಕಣೆ ಬಂದು, ಎಷ್ಟೋ ಕಡೆ ಭತ್ತವೇ ನಿಂತುಹೋಗಿದೆ. ಕಗ್ಗದ ಬೀಜ ಈಗ ಕೆಲವೇ ಮನೆಗಳಲ್ಲಿದೆ. ಎತ್ತರ ಅದರ ದೋಷವಲ್ಲ, ಹೊಳೆಯ ಜೊತೆ ಬದುಕುವ ಉಪಾಯ. ಹಾರ್ಮೋನನ್ನು ಬಾಟಲಿಯಲ್ಲಿ ಕೊಳ್ಳಬಹುದು. ಎಷ್ಟು ನೀರಿಗೆ ಎಷ್ಟು ಎತ್ತರ ಎಂದು ತಿಳಿದ ಬೀಜವನ್ನು ಕೊಳ್ಳಲಾಗದು. ಮನೆಯಲ್ಲಿ ಒಂದು ಮುಡಿ ಕಗ್ಗ ಉಳಿದಿದ್ದರೆ ಈ ಮಳೆಗಾಲ ಒಂದು ಮೂಲೆಗಾದರೂ ಬಿತ್ತಿ. ಬೀಜ ಡಬ್ಬದಲ್ಲಿ ಉಳಿಯುವುದಿಲ್ಲ, ಗದ್ದೆಯಲ್ಲಿ ಉಳಿಯುತ್ತದೆ.