ನಕ್ಷೆಯಲ್ಲಿ ಮನೆಯಿದೆ, ಬಾಗಿಲಿಲ್ಲ: ಡಿಜಿಟಲ್ ಭೂಪಟ ನಗರವನ್ನು ಕಾಣುವ ಬಗೆ

ವಿಳಾಸ ಕೈಯಲ್ಲಿದೆ. ಮೊಬೈಲಿನ ಪರದೆಯ ಮೇಲೆ ನೀಲಿ ಗೆರೆಯಿದೆ. ತಲುಪಬೇಕಾದ ಸ್ಥಳ ಬಂದಿತು ಎಂಬ ಧ್ವನಿಯೂ ಕೇಳಿಸಿದೆ. ಆದರೆ ಎದುರಿಗೆ ಕಾಣುತ್ತಿರುವುದು ಆಳೆತ್ತರದ ಕಾಂಪೌಂಡ್ ಗೋಡೆ. ಒಳಗೆ ಹೋಗುವ ಗೇಟು ಹಿಂಬದಿಯ ಅಡ್ಡರಸ್ತೆಯಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಏಕಮುಖ ಸಂಚಾರದ ರಸ್ತೆಯನ್ನು ಬಳಸಿ ಮತ್ತೆ ಸುತ್ತಿ ಬರಬೇಕು. ಬೆಂಗಳೂರಿನಲ್ಲಿ ವಾಸಿಸುವ ಯಾರಿಗೂ ಈ ಅನುಭವ ಹೊಸದಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿಯೂ ಇದು ಅಪರೂಪವಲ್ಲ.

ಊಟದ ಪೊಟ್ಟಣ ತರುವವನು ಹತ್ತು ನಿಮಿಷ ತಡವಾಗಿ ಬಂದರೆ ಅನ್ನ ಆರುತ್ತದೆ, ಅಷ್ಟೆ. ಆದರೆ ಅದೇ ಗೋಡೆಯ ಮುಂದೆ ಆಂಬ್ಯುಲೆನ್ಸ್ ಬಂದು ನಿಂತರೆ? ಅಗ್ನಿಶಾಮಕ ವಾಹನ ನಿಂತರೆ? ಡಿಜಿಟಲ್ ನಕ್ಷೆಯಲ್ಲಿ ಕಟ್ಟಡವನ್ನು ಹೇಗೆ ತೋರಿಸಬೇಕು ಎಂಬ ಪ್ರಶ್ನೆ ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದು ಆಗ ಅರಿವಾಗುತ್ತದೆ. ಇಂದಿನ ನಕ್ಷೆಗಳು ಕಟ್ಟಡಗಳ ಆಕಾರವನ್ನು ಬಹುಮಟ್ಟಿಗೆ ಗುರುತಿಸಿವೆ. ಅವುಗಳ ಬಾಗಿಲು, ಅಂತಸ್ತು ಮತ್ತು ಹೆಸರುಗಳನ್ನು ಗುರುತಿಸುವ ಕೆಲಸ ಮಾತ್ರ ಇನ್ನೂ ಹಿಂದೆ ಉಳಿದಿದೆ.

ಕಟ್ಟಡವೆಂದರೆ ಬಿಂದುಗಳ ಸರಮಾಲೆ

ಕಾಗದದ ನಕ್ಷೆಯಲ್ಲಿ ಕಟ್ಟಡವೆಂದರೆ ಒಂದು ಸಣ್ಣ ಕಪ್ಪು ಚೌಕ. ಗಣಕಯಂತ್ರಕ್ಕೆ ಅದು ಅಕ್ಷಾಂಶ, ರೇಖಾಂಶಗಳುಳ್ಳ ಬಿಂದುಗಳ ಸರಮಾಲೆ. ಬ್ರಿಟನ್ನಿನಲ್ಲಿ 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ, ಜಗತ್ತಿನಾದ್ಯಂತ ಸ್ವಯಂಸೇವಕರು ಬೆಳೆಸುತ್ತಿರುವ ಮುಕ್ತ ನಕ್ಷೆ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಇದಕ್ಕೆ ಉತ್ತಮ ಉದಾಹರಣೆ. ಅಲ್ಲಿ ಇರುವುದು ಮೂರೇ ಬಗೆಯ ವಸ್ತುಗಳು: ಬಿಂದು, ಬಿಂದುಗಳನ್ನು ಜೋಡಿಸುವ ಗೆರೆ, ಗೆರೆ-ಬಿಂದುಗಳ ಗುಂಪು. ಗೆರೆ ಹೊರಟ ಬಿಂದುವಿಗೇ ಮರಳಿ ಬಂದು, ‘ಕಟ್ಟಡ’ ಎಂಬ ಗುರುತುಚೀಟಿಯನ್ನು ಅಂಟಿಸಿದರೆ ಅದು ಕಟ್ಟಡ. ಅಂತಸ್ತುಗಳೆಷ್ಟು, ಎತ್ತರವೆಷ್ಟು, ಮನೆಯ ಸಂಖ್ಯೆಯೇನು, ಬಾಗಿಲು ಎಲ್ಲಿದೆ ಎಂಬ ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತುಚೀಟಿಗಳಿವೆ. ಅಂಟಿಸುವವರು ಬೇಕು, ಅಷ್ಟೆ.

ತೊಡಕು ಆರಂಭವಾಗುವುದು ಇಲ್ಲಿಯೇ. ದಾರಿ ತೋರುವ ತಂತ್ರಾಂಶಕ್ಕೆ ಕಟ್ಟಡದೊಳಗೆ ನಡೆಯಲು ತಿಳಿಯದು; ಅದಕ್ಕೆ ತಿಳಿದಿರುವುದು ರಸ್ತೆಗಳ ಜಾಲ ಮಾತ್ರ. ಬಾಗಿಲಿನ ಗುರುತು ಇಲ್ಲದಿದ್ದಾಗ ಅದು ಸಾಮಾನ್ಯವಾಗಿ ಕಟ್ಟಡದ ನಡುಮಧ್ಯದ ಬಿಂದುವನ್ನೋ, ಯಾರೋ ಚುಚ್ಚಿಟ್ಟ ಪಿನ್ನನ್ನೋ ಹಿಡಿದು, ಅದಕ್ಕೆ ತೀರ ಸಮೀಪವಿರುವ ರಸ್ತೆಗೆ ನಮ್ಮನ್ನು ಒಯ್ದು ನಿಲ್ಲಿಸುತ್ತದೆ. ಸಣ್ಣ ಮನೆಯಾದರೆ ಇದರಿಂದ ಬಾಧಕವಿಲ್ಲ. ಎಕರೆಗಟ್ಟಲೆ ಹರಡಿದ ವಸತಿ ಸಮುಚ್ಚಯ, ಆಸ್ಪತ್ರೆ ಅಥವಾ ಕಾಲೇಜಿನ ಆವರಣವಾದರೆ, ಸಮೀಪದ ರಸ್ತೆ ಹಿಂಗೋಡೆಯ ಆಚೆಗಿರುವ ವರ್ತುಲ ರಸ್ತೆಯೂ ಆಗಿರಬಹುದು. ನಕ್ಷೆಯ ಲೆಕ್ಕದಲ್ಲಿ ನಾವು ತಲುಪಿದ್ದೇವೆ. ವಾಸ್ತವದಲ್ಲಿ ಗೋಡೆಯ ಆಚೆಗಿದ್ದೇವೆ.

ಆಗಸದಿಂದ ನೋಡಿದ ಮನೆ

ಇಷ್ಟೊಂದು ಕಟ್ಟಡಗಳು ನಕ್ಷೆಗೆ ಬಂದದ್ದಾದರೂ ಹೇಗೆ? ಹಿಂದೆ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಮನುಷ್ಯರು ಒಂದೊಂದೇ ಛಾವಣಿಯ ಅಂಚನ್ನು ಗೆರೆಯೆಳೆದು ಗುರುತಿಸುತ್ತಿದ್ದರು. ಈಗ ಆ ಕೆಲಸದ ದೊಡ್ಡ ಪಾಲನ್ನು ಯಂತ್ರಗಳೇ ಮಾಡುತ್ತಿವೆ. ಗೂಗಲ್ ಸಂಸ್ಥೆ 2021ರಲ್ಲಿ ಆಫ್ರಿಕಾ ಖಂಡದ ಸುಮಾರು 51.6 ಕೋಟಿ ಕಟ್ಟಡಗಳ ಹೊರರೇಖೆಗಳನ್ನು ‘ಓಪನ್ ಬಿಲ್ಡಿಂಗ್ಸ್’ ಹೆಸರಿನಲ್ಲಿ ಸಾರ್ವಜನಿಕರಿಗೆ ಮುಕ್ತಗೊಳಿಸಿತು. 2023ರ ಆವೃತ್ತಿಯ ಹೊತ್ತಿಗೆ ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕಗಳೂ ಸೇರಿ ಈ ಸಂಖ್ಯೆ 180 ಕೋಟಿಗೆ ಏರಿತು. ಆದರೆ ಈ ದತ್ತಾಂಶದಲ್ಲಿ ಕಟ್ಟಡದ ಬಗೆಯಾಗಲಿ, ವಿಳಾಸವಾಗಲಿ ಇಲ್ಲ. ಆಗಸದಿಂದ ನೋಡಿದವನಿಗೆ ಛಾವಣಿ ಕಾಣುತ್ತದೆ, ಹೊಸ್ತಿಲು ಕಾಣುವುದಿಲ್ಲ.

ಛಾವಣಿಯಾದರೂ ಸರಿಯಾಗಿ ಕಾಣುವುದೇ ಎಂದರೆ ಅದೂ ಅಷ್ಟು ಸುಲಭವಲ್ಲ. ಉಪಗ್ರಹವು ಓರೆಯಾಗಿ ಚಿತ್ರ ತೆಗೆದಾಗ ಎತ್ತರದ ಕಟ್ಟಡ ಪಕ್ಕಕ್ಕೆ ವಾಲಿದಂತೆ ತೋರುತ್ತದೆ. ಛಾವಣಿಯ ಗೆರೆಯನ್ನೇ ನೆಲದ ಗೆರೆಯೆಂದು ಭಾವಿಸಿದರೆ ಕಟ್ಟಡ ಪಕ್ಕದ ರಸ್ತೆಯ ಮೇಲೆ ಬಂದು ಕೂರುತ್ತದೆ. ಮಲ್ಲೇಶ್ವರ, ಬಸವನಗುಡಿಗಳಂತಹ ಹಳೆಯ ಬಡಾವಣೆಗಳಲ್ಲಿ ಮರಗಳ ನೆರಳು ಮನೆಗಳನ್ನು ಮುಚ್ಚಿಡುತ್ತದೆ. ಚಿಕ್ಕಪೇಟೆಯಂತಹ ಕಡೆಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡ ಹತ್ತಾರು ಅಂಗಡಿ-ಮನೆಗಳು ಯಂತ್ರದ ಕಣ್ಣಿಗೆ ಒಂದೇ ಛಾವಣಿಯಂತೆ ಕಾಣಬಹುದು.

ಮೇಲ್ಸೇತುವೆಯ ಮೇಲೋ, ಕೆಳಗೋ?

ನಗರ ಈಗ ಮೇಲಕ್ಕೂ ಬೆಳೆಯುತ್ತಿದೆ, ನೆಲದೊಳಕ್ಕೂ ಇಳಿಯುತ್ತಿದೆ. ಬೆಂಗಳೂರಿನ ರಾಗಿಗುಡ್ಡ - ಸೆಂಟ್ರಲ್ ಸಿಲ್ಕ್ ಬೋರ್ಡ್ ಮಾರ್ಗದಲ್ಲಿ ಕೆಳಗೊಂದು ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಮೆಟ್ರೋ ಹಳಿ ಇವೆ. ಸಪಾಟಾದ ನಕ್ಷೆಯಲ್ಲಿ ಇವು ಮೂರೂ ಒಂದರ ಮೇಲೊಂದು ಬಿದ್ದ ಗೆರೆಗಳು. ಡಿಜಿಟಲ್ ನಕ್ಷೆ ಇದನ್ನು ನಿಭಾಯಿಸುವ ಬಗೆ ಸರಳವಾಗಿದೆ. ಎರಡು ಗೆರೆಗಳಿಗೆ ಸಮಾನ ಬಿಂದುವಿದ್ದರೆ ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಇಲ್ಲದಿದ್ದರೆ ಅವು ಒಂದನ್ನೊಂದು ದಾಟುತ್ತವೆ, ಸೇರುವುದಿಲ್ಲ. ನಕ್ಷೆ ಬರೆಯುವವನು ಅಜಾಗರೂಕತೆಯಿಂದ ಅಲ್ಲೊಂದು ಬಿಂದುವನ್ನಿಟ್ಟು ಎರಡನ್ನೂ ಜೋಡಿಸಿದರೆ, ಮೇಲ್ಸೇತುವೆಯ ನಡುವೆಯೇ ‘ಎಡಕ್ಕೆ ತಿರುಗಿ’ ಎಂಬ ಸೂಚನೆ ಬಂದೀತು!

ಗೆರೆಗಳು ಸರಿಯಿದ್ದರೂ ನಾವು ಯಾವುದರ ಮೇಲಿದ್ದೇವೆ ಎಂಬುದು ಫೋನಿಗೆ ತಿಳಿಯಬೇಕಲ್ಲ? ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರುಗಳೊಳಗೆ ಸ್ಥಳವನ್ನು ಹೇಳಬಲ್ಲದು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತಗಳು ಗೋಡೆಗಳಿಗೆ ಬಡಿದು ಪ್ರತಿಫಲಿಸಿ ತಡವಾಗಿ ಬರುವುದರಿಂದ ತಪ್ಪು ಹೆಚ್ಚುತ್ತದೆ. ಮೇಲ್ಸೇತುವೆ ಮತ್ತು ಪಕ್ಕದ ಸರ್ವೀಸ್ ರಸ್ತೆಗಳ ನಡುವಿನ ಅಂತರವೇ ಕೆಲವು ಮೀಟರು ಇರುವಾಗ ಇಷ್ಟು ತಪ್ಪು ಸಾಕು. ಮೇಲ್ಸೇತುವೆ ಹತ್ತಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ ತಿಳಿಸುವ ಸೌಲಭ್ಯವನ್ನು ಗೂಗಲ್ ಭಾರತದಲ್ಲಿ ಪ್ರಕಟಿಸಿದ್ದು 2024ರ ಜುಲೈನಲ್ಲಿ. ಕಾರು ಹೋಗಲಾರದ ಕಿರಿದಾದ ರಸ್ತೆಗಳನ್ನು ತಪ್ಪಿಸುವ ಸೌಲಭ್ಯವೂ ಅದೇ ವೇಳೆ ಬೆಂಗಳೂರು ಸೇರಿದಂತೆ ಕೆಲವು ನಗರಗಳಿಗೆ ಬಂದಿತು.

ನಕ್ಷೆ ವಾಸ್ತವಕ್ಕಿಂತ ಹಿಂದುಳಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಪ್ರದೇಶದ ಬರೇಲಿ ಬಳಿ 2024ರ ನವೆಂಬರಿನಲ್ಲಿ ನಡೆದ ದುರಂತ ಸಾಕ್ಷಿ. ನಕ್ಷೆಯ ಸೂಚನೆಯಂತೆ ಸಾಗಿದ್ದ ಕಾರೊಂದು ಪ್ರವಾಹದಲ್ಲಿ ಒಂದು ಭಾಗ ಕುಸಿದಿದ್ದ ಸೇತುವೆಯಿಂದ ರಾಮಗಂಗಾ ನದಿಪಾತ್ರಕ್ಕೆ ಬಿದ್ದು ಮೂವರು ಮೃತಪಟ್ಟರು. ಸೇತುವೆಯನ್ನು ಸರಿಯಾಗಿ ಮುಚ್ಚದಿದ್ದ ಕಾರಣಕ್ಕೆ ಲೋಕೋಪಯೋಗಿ ಎಂಜಿನಿಯರುಗಳ ಮೇಲೂ ಮೊಕದ್ದಮೆ ದಾಖಲಾಯಿತು. ತಪ್ಪು ನಕ್ಷೆಯದು ಮಾತ್ರವಲ್ಲ. ರಸ್ತೆಯನ್ನು ಕಾಯಬೇಕಾದವರದೂ ಹೌದು.

ಕಟ್ಟಡದೊಳಗಿನ ದಾರಿ

ಕಟ್ಟಡಗಳನ್ನು ಎಷ್ಟು ವಿವರವಾಗಿ ಚಿತ್ರಿಸಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನದಂಡಗಳಿವೆ. 2008ರಲ್ಲಿ ಅಂಗೀಕಾರಗೊಂಡ ‘ಸಿಟಿಜಿಎಂಎಲ್’ ವಿವರದ ಹಂತಗಳನ್ನು ಸೊನ್ನೆಯಿಂದ ನಾಲ್ಕರವರೆಗೆ ವಿಂಗಡಿಸಿತ್ತು. ಸೊನ್ನೆಯೆಂದರೆ ನೆಲದ ಗೆರೆ, ಒಂದು, ಬೆಂಕಿಪೊಟ್ಟಣದಂತಹ ಡಬ್ಬಿ, ಎರಡು, ಛಾವಣಿಯ ಆಕಾರ, ಮೂರು, ಬಾಗಿಲು ಮತ್ತು ಕಿಟಕಿ, ನಾಲ್ಕು, ಒಳಾಂಗಣ. 2021ರ ಮೂರನೆಯ ಆವೃತ್ತಿಯಲ್ಲಿ ನಾಲ್ಕನೆಯ ಹಂತವನ್ನು ಕೈಬಿಟ್ಟು, ಒಳಾಂಗಣವನ್ನು ಯಾವ ಹಂತದಲ್ಲಿಯಾದರೂ ತೋರಿಸಲು ಅವಕಾಶ ಕಲ್ಪಿಸಲಾಯಿತು. ಕಟ್ಟಡದ ಒಳಗಿನ ಸಂಚಾರಕ್ಕೆಂದೇ 2014ರಲ್ಲಿ ‘ಇಂಡೋರ್‌ಜಿಎಂಎಲ್’ ಎಂಬ ಪ್ರತ್ಯೇಕ ಮಾನದಂಡ ಬಂದಿತು.

ಒಳಾಂಗಣದ ಅಗತ್ಯವೇನು ಎನ್ನುವವರು ಒಮ್ಮೆ ಮೆಜೆಸ್ಟಿಕ್‌ಗೆ ಹೋಗಬೇಕು. ನೇರಳೆ ಮತ್ತು ಹಸಿರು ಮಾರ್ಗಗಳು ನೆಲದಡಿಯಲ್ಲಿ ಬೇರೆ ಬೇರೆ ಅಂತಸ್ತುಗಳಲ್ಲಿ ಸಂಧಿಸುವ ನಾಡಪ್ರಭು ಕೆಂಪೇಗೌಡ ನಿಲ್ದಾಣವನ್ನು ನಕ್ಷೆಯಲ್ಲಿ ಒಂದೇ ಚುಕ್ಕೆಯಾಗಿ ತೋರಿಸಿದರೆ ಪ್ರಯಾಣಿಕನಿಗೆ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ. ರೈಲು ನಿಲ್ದಾಣದ ಕಡೆಗೆ ಯಾವ ದ್ವಾರ, ಬಸ್ ನಿಲ್ದಾಣದ ಕಡೆಗೆ ಯಾವ ದ್ವಾರ, ಲಿಫ್ಟ್ ಎಲ್ಲಿದೆ ಎಂಬುದೇ ಅವನಿಗೆ ಬೇಕಾದ ಮಾಹಿತಿ. ಗಾಲಿಕುರ್ಚಿಯಲ್ಲಿ ಬರುವವರಿಗಂತೂ ಲಿಫ್ಟ್ ಇರುವ ದ್ವಾರವೊಂದೇ ನಿಜವಾದ ದ್ವಾರ. ನೆಲದಡಿಯಲ್ಲಿ ಉಪಗ್ರಹದ ಸಂಕೇತ ತಲುಪದ ಕಾರಣ ಅಲ್ಲಿ ವೈಫೈ, ಬ್ಲೂಟೂತ್ ಸಂಕೇತಗಳನ್ನೋ ಗಾಳಿಯ ಒತ್ತಡ ಅಳೆಯುವ ಸಂವೇದಕವನ್ನೋ ಅವಲಂಬಿಸಬೇಕಾಗುತ್ತದೆ.

ಹಳ್ಳಿ ಹಲ್ಲಿಯಾದಾಗ

ನಮ್ಮ ನಗರಗಳ ವಿಳಾಸಪದ್ಧತಿಯೂ ನಕ್ಷೆಗೆ ಒಂದು ಸವಾಲು. ಒಂದನೇ ಮುಖ್ಯರಸ್ತೆ, ಎರಡನೇ ಅಡ್ಡರಸ್ತೆಗಳು ಹೆಚ್ಚುಕಡಿಮೆ ಎಲ್ಲ ಬಡಾವಣೆಗಳಲ್ಲಿಯೂ ಇವೆ. ಹಂತ, ಘಟ್ಟ, ಬ್ಲಾಕ್‌ಗಳಲ್ಲಿ ಒಂದನ್ನು ಬಿಟ್ಟರೂ ಊರಿನ ಇನ್ನೊಂದು ತುದಿಗೆ ಹೋಗಬೇಕಾದೀತು. ಹಳೆಯ ಸಂಖ್ಯೆ, ಹೊಸ ಸಂಖ್ಯೆಗಳ ಗೊಂದಲ ಬೇರೆ. ಆದುದರಿಂದಲೇ ‘ಗಣಪತಿ ಗುಡಿಯ ಎದುರು, ಹಿಟ್ಟಿನ ಗಿರಣಿಯ ಪಕ್ಕ’ ಎಂಬ ಹೆಗ್ಗುರುತುಗಳೇ ನಮ್ಮ ನಿಜವಾದ ವಿಳಾಸ. ಇದನ್ನು ಮನಗಂಡ ಗೂಗಲ್ 2009ರಲ್ಲಿ ಭಾರತದ ನಕ್ಷೆಯಲ್ಲಿ ರಸ್ತೆಯ ಹೆಸರಿನ ಜೊತೆಗೆ ಹೆಗ್ಗುರುತುಗಳನ್ನು ಹೇಳಿ ದಾರಿ ತೋರುವ ಪದ್ಧತಿಯನ್ನು ತಂದಿತು.

ಹೆಸರುಗಳ ವಿಷಯದಲ್ಲಿ ಕನ್ನಡಿಗರಿಗೆ ಇನ್ನೊಂದು ತೊಂದರೆಯಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ಗಳ ನಡುವೆ ಭೇದವಿಲ್ಲ. ಇಂಗ್ಲಿಷಿನಲ್ಲಿ ದಾಖಲಾದ ಹೆಸರನ್ನು ಯಂತ್ರ ಮರಳಿ ಕನ್ನಡಕ್ಕೆ ತಂದರೆ ‘ಹಳ್ಳಿ’ ‘ಹಲ್ಲಿ’ಯಾಗಬಹುದು, ಬಳೆಗಾರರ ಬಳೆಪೇಟೆ ‘ಬಲೆಪೇಟೆ’ಯಾಗಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದ ಹೆಸರಿಗೆ ಪ್ರತ್ಯೇಕ ಗುರುತುಚೀಟಿಯಿದೆ. ಅದನ್ನು ಸರಿಯಾಗಿ ತುಂಬಬಲ್ಲವರು ಆ ಬೀದಿಯನ್ನು ಬಲ್ಲ ಕನ್ನಡಿಗರೇ.

ಬದಲಾದ ಕಾನೂನು, ಹೊಸ ಪ್ರಯತ್ನಗಳು

ಬಹುಕಾಲ ಭಾರತದಲ್ಲಿ ನಕ್ಷೆ ಎಂಬುದು ಸರ್ಕಾರದ ಕಟ್ಟುನಿಟ್ಟಿನ ವಸ್ತುವಾಗಿತ್ತು. 2011ರಲ್ಲಿ ಗೂಗಲ್ ಬೆಂಗಳೂರಿನ ಬೀದಿಗಳ ಚಿತ್ರೀಕರಣಕ್ಕೆ ತೊಡಗಿದಾಗ ಪೊಲೀಸರು ಕೆಲವೇ ವಾರಗಳಲ್ಲಿ ಅದನ್ನು ತಡೆದರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು ಭಾರತೀಯ ಸಂಸ್ಥೆಗಳಿಗೆ ಪೂರ್ವಾನುಮತಿಯಿಲ್ಲದೆ ನಕ್ಷೆ ರಚಿಸಲು ಅವಕಾಶ ನೀಡಿದವು. ಭಾರತೀಯ ಸಂಸ್ಥೆಗಳು ಸಂಗ್ರಹಿಸಿದ ಚಿತ್ರಗಳೊಂದಿಗೆ 2022ರ ಜುಲೈನಲ್ಲಿ ಬೀದಿಚಿತ್ರಗಳು ಬೆಂಗಳೂರೂ ಸೇರಿ ಹತ್ತು ನಗರಗಳಿಗೆ ಮರಳಿದವು.

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ದೇಶವನ್ನು ಒಳಗೊಂಡ ಚೌಕವನ್ನು ಹದಿನಾರು ಭಾಗ ಮಾಡಿ, ಪ್ರತಿ ಭಾಗವನ್ನೂ ಮತ್ತೆ ಹದಿನಾರು ಮಾಡುತ್ತ ಹತ್ತು ಹಂತ ಇಳಿದರೆ ಸುಮಾರು ನಾಲ್ಕು ಮೀಟರ್ ಅಗಲದ ತುಂಡು ಸಿಗುತ್ತದೆ. ಪ್ರತಿ ತುಂಡಿಗೂ ಹತ್ತು ಅಕ್ಷರ-ಅಂಕೆಗಳ ಸಂಕೇತ. ಗೇಟಿನ ಮುಂದೆ ನಿಂತು ಪಡೆದ ಸಂಕೇತ ಗೇಟಿಗೇ ಕರೆದೊಯ್ಯಬಲ್ಲದು. ಆದರೆ ಒಂದರ ಮೇಲೊಂದಿರುವ ಹತ್ತು ಫ್ಲ್ಯಾಟುಗಳಿಗೂ ಸಂಕೇತ ಒಂದೇ. ಅಂತಸ್ತನ್ನು ಅದು ಹೇಳುವುದಿಲ್ಲ.

ಓದುಗರು ಮಾಡಬಹುದಾದದ್ದು

ಬಾಗಿಲನ್ನು ನಕ್ಷೆಗೆ ತರುವ ಕೆಲಸವನ್ನು ಉಪಗ್ರಹ ಮಾಡಲಾರದು. ಅಲ್ಲಿ ವಾಸಿಸುವವರು ಮಾಡಬಲ್ಲರು. ತಮ್ಮ ಮನೆಯ ಅಥವಾ ಸಮುಚ್ಚಯದ ಪಿನ್ ಗೇಟಿನ ಬಳಿಯಿದೆಯೇ, ಕಟ್ಟಡದ ನಡುವೆ ಇದೆಯೇ ಎಂದು ಒಮ್ಮೆ ಪರೀಕ್ಷಿಸಬಹುದು. ತಪ್ಪಿದ್ದರೆ ಗೂಗಲ್ ನಕ್ಷೆಯಲ್ಲಿ ತಿದ್ದುಪಡಿ ಸೂಚಿಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೋಂದಾಯಿಸಿಕೊಂಡ ಯಾರಾದರೂ ಸ್ವತಃ ತಿದ್ದಬಹುದು. ವಸತಿ ಸಂಘಗಳು ವಾಹನದ ಗೇಟು, ಪಾದಚಾರಿ ಗೇಟು ಹಾಗೂ ರಾತ್ರಿ ಮುಚ್ಚುವ ಗೇಟುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಒಳಿತು. ನಿವಾಸಿಗಳ ಹೆಸರು, ದೂರವಾಣಿಗಳನ್ನು ಮಾತ್ರ ಸಾರ್ವಜನಿಕ ನಕ್ಷೆಯಲ್ಲಿ ಸೇರಿಸಬಾರದು.

ಅಲ್ಲಿಯವರೆಗೆ ಹಳೆಯ ಉಪಾಯವೇ ಉತ್ತಮ. 108ಕ್ಕೆ ಕರೆ ಮಾಡಿದಾಗ ವಿಳಾಸದ ಜೊತೆಗೆ ಗೇಟು ಯಾವ ರಸ್ತೆಯಲ್ಲಿದೆ, ಸಮೀಪದ ಹೆಗ್ಗುರುತು ಯಾವುದು, ಮನೆ ಎಷ್ಟನೇ ಅಂತಸ್ತಿನಲ್ಲಿದೆ ಎಂಬುದನ್ನು ತಪ್ಪದೆ ತಿಳಿಸಬೇಕು. ಸಾಧ್ಯವಾದರೆ ಒಬ್ಬರು ರಸ್ತೆಯ ತಿರುವಿಗೆ ಹೋಗಿ ನಿಂತು ಕೈಬೀಸಬೇಕು.